ಎಂಜಿನ್ ಚೆನ್ನಾಗಿಯೇ ಇತ್ತು

ವಿಮಾನ ಬಿದ್ದು ಬದುಕಿದವಳು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ‘ಎಂಜಿನ್ ಕೈಕೊಡ್ತಾ?’ ಇಲ್ಲ. ಎಂಜಿನ್ ಚೆನ್ನಾಗಿಯೇ ಇತ್ತು. ಬಾದಾಮಿ ಮರಗಳಿಗೆ ಬಡಿಯುವವರೆಗೂ ಅದು ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು. ಮಳೆ ಗುಡುಗು ಇರಲಿಲ್ಲ, ಪೆಟ್ರೋಲು ಮುಗಿದಿರಲಿಲ್ಲ, ಹಕ್ಕಿಯೂ ಬಡಿದಿರಲಿಲ್ಲ. ಇಷ್ಟು ಹೇಳಿದರೆ ಎದುರಿನವರ ಮುಖ ಸಪ್ಪಗಾಗುತ್ತದೆ. ಏನೊಂದೂ ಕೆಡದೆ ವಿಮಾನ ಬೀಳುವುದುಂಟೇ? ಕೆಲವರು ಪಟ್ಟು ಬಿಡದೆ ‘ಆದ್ರೂ ಏನೋ ಆಗಿರ್ಬೇಕು’ ಅನ್ನುತ್ತಾರೆ. ಆಗಿದ್ದು ಇಷ್ಟೇ: ನಾವು ಕೆಳಗೆ ನೋಡುತ್ತಾ ತಿರುಗುತ್ತಿದ್ದೆವು.

ನಾನು ಪೈಲಟ್ ಅಲ್ಲ. ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದು, ಎಂಜಿನಿಯರಿಂಗ್ ಓದಿ, ಎಲ್ಲರ ಹಾಗೆ ಕ್ಯಾಲಿಫೋರ್ನಿಯಾಕ್ಕೆ ಬಂದು ಇಲ್ಲೇ ಬೇರು ಬಿಟ್ಟವಳು. ಫೋಟೊ ತೆಗೆಯುವ ಹುಚ್ಚಿದೆ. ವಿಮಾನ ನಡೆಸಿದವನು ನನ್ನ ಕಾಲೇಜಿನ ಗೆಳೆಯ. ಅವನ ಹೆಸರು ಇಲ್ಲಿ ಬೇಡ. ಲೈಸೆನ್ಸ್ ತೆಗೆದುಕೊಂಡು ನಾಲ್ಕೈದು ವರ್ಷವಾಗಿತ್ತು. ದುಡುಕಿನ ಮನುಷ್ಯನಲ್ಲ. ಹೊರಡುವ ಮೊದಲು ರೆಕ್ಕೆಯಡಿಯ ನಳಿಗೆಯಿಂದ ಚೂರು ಪೆಟ್ರೋಲನ್ನು ಗಾಜಿನ ಲೋಟಕ್ಕೆ ಹಿಡಿದು, ಬೆಳಕಿಗೆ ಎತ್ತಿ, ನೀರು ಬೆರೆತಿದೆಯೇ ಎಂದು ನೋಡುವವನು. ಒಂದು ಟ್ಯಾಂಕಿಯದಲ್ಲ, ಎರಡರದ್ದೂ. ಪಟ್ಟಿ ಕೈಯಲ್ಲಿ ಹಿಡಿದು, ಒಂದೊಂದನ್ನೂ ಗಟ್ಟಿಯಾಗಿ ಓದಿಯೇ ಮುಂದೆ ಹೋಗುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಡೆದದ್ದನ್ನು ಕೇಳಿದವರು ಅವನೊಬ್ಬ ಹುಚ್ಚುಸಾಹಸಿ ಎಂದುಕೊಳ್ಳುತ್ತಾರೆ. ಹಾಗಿದ್ದಿದ್ದರೆ ನಾನು ಅವನ ಪಕ್ಕದಲ್ಲಿ ಕೂರುತ್ತಿರಲಿಲ್ಲ.

ಫೆಬ್ರವರಿ ನಡುವಿನಲ್ಲಿ ಸೆಂಟ್ರಲ್ ವ್ಯಾಲಿಯ ಬಾದಾಮಿ ತೋಟಗಳು ಹೂ ಬಿಡುತ್ತವೆ. ಜಗತ್ತಿನ ಬಾದಾಮಿಯಲ್ಲಿ ಶೇ 80ರಷ್ಟು ಬೆಳೆಯುವುದು ಕ್ಯಾಲಿಫೋರ್ನಿಯಾದಲ್ಲೇ. ಎಲೆ ಚಿಗುರುವುದಕ್ಕೂ ಮೊದಲೇ ಹೂ ಬರುವುದರಿಂದ ಮೈಲಿಗಟ್ಟಲೆ ನೆಲ ಬೆಳ್ಳಗಾಗುತ್ತದೆ. ಈ ಹೂವಿಗೆ ಜೇನುನೊಣ ಬೇಕೇ ಬೇಕು. ಎಕರೆಗೆ ಸುಮಾರು ಎರಡು ಪೆಟ್ಟಿಗೆಯ ಲೆಕ್ಕ. ಅಮೆರಿಕದ ಮೂಲೆಮೂಲೆಗಳಿಂದ ಲಾರಿಗಳಲ್ಲಿ ಪೆಟ್ಟಿಗೆಗಳು ಬಂದಿಳಿಯುತ್ತವೆ. ಮನೆಯಂಗಳದಲ್ಲಿ ತುಡುವೆ ಜೇನು ಸಾಕಿದ್ದ ನನ್ನ ಅಪ್ಪನಿಗೆ ಇದನ್ನು ಹೇಳಿದಾಗ ಅವರು ನಕ್ಕೇ ಬಿಟ್ಟಿದ್ದರು. ಲಾರಿ ಹತ್ತಿಸಿದ ಜೇನು ಊರು ಮರೆಯುವುದಿಲ್ಲವೇ ಎಂಬುದು ಅವರ ಚಿಂತೆ.

ಲಿವರ್‌ಮೋರ್‌ನಿಂದ ಹೊರಟೆವು. ಬಾಡಿಗೆಯ ಸೆಸ್ನಾ 172. ನಾಲ್ಕು ಸೀಟು, ತಲೆಯ ಮೇಲೆ ರೆಕ್ಕೆ. 1955ರಲ್ಲಿ ಮೊದಲು ಹಾರಿದ ಈ ಮಾದರಿಯಷ್ಟು ಸಂಖ್ಯೆಯಲ್ಲಿ ಬೇರಾವ ವಿಮಾನವೂ ತಯಾರಾಗಿಲ್ಲ. ಹಾರಲು ಕಲಿಯುವವರ ಅಂಬಾಸಿಡರ್ ಕಾರು. ಆಲ್ಟಮಾಂಟ್ ಗುಡ್ಡದ ಗಾಳಿಯಂತ್ರಗಳನ್ನು ದಾಟಿದರೆ ಕಣಿವೆ ತೆರೆದುಕೊಳ್ಳುತ್ತದೆ. ಹಿಂದಿನ ದಿನ ಮಳೆ ಬಿದ್ದು ಆಕಾಶ ತೊಳೆದಿಟ್ಟಂತಿತ್ತು, ವಾಯವ್ಯದಿಂದ ಗಾಳಿ ಬೀಸುತ್ತಿತ್ತು. ನಾನು ಬಲಗಡೆಯ ಸೀಟಿನಲ್ಲಿದ್ದೆ. ಈ ವಿಮಾನದ ಕಿಟಕಿ ತೆರೆಯಬಹುದು. ತೆರೆದರೆ ಗಾಳಿಯೇ ಅದನ್ನು ಮೇಲಕ್ಕೆತ್ತಿ ರೆಕ್ಕೆಯಡಿಗೆ ಒತ್ತಿ ಹಿಡಿಯುತ್ತದೆ. ಲೆನ್ಸು ಹೊರಗೆ ಚಾಚದಂತೆ, ಪಟ್ಟಿಯನ್ನು ಕೈಗೆ ಸುತ್ತಿಕೊಂಡು ಚಿತ್ರ ತೆಗೆಯುತ್ತಿದ್ದೆ.

ಮೊಡೆಸ್ಟೋ ಊರು ದಾಟಿದ ಮೇಲೆ, ಬಿಳಿಯ ನಡುವೆ ಗುಲಾಬಿ ಬಣ್ಣದ ಒಂದು ತುಂಡು ಕಂಡಿತು. ಪೀಚ್ ಇರಬೇಕು ಎಂದು ನಾನಂದೆ. ಬಾದಾಮಿಯಲ್ಲೇ ಯಾವುದೋ ತಳಿ ಎಂದು ಅವನು. ನೋಡೇ ಬಿಡೋಣ ಎಂದು ಸುತ್ತು ಹಾಕತೊಡಗಿದ. ಮೊದಲ ಸುತ್ತು ಸಾವಿರ ಅಡಿಯ ಆಸುಪಾಸಿನಲ್ಲಿ. ಆಮೇಲಿನದು ಅದಕ್ಕಿಂತ ಕೆಳಗೆ. ಅಮೆರಿಕದ ನಿಯಮದಂತೆ ಊರುಕೇರಿಯಿಲ್ಲದ ಬಯಲಿನಲ್ಲೂ ಮನುಷ್ಯರಿಂದ, ವಾಹನದಿಂದ, ಕಟ್ಟಡದಿಂದ 500 ಅಡಿಗಿಂತ ಹತ್ತಿರ ಹೋಗಕೂಡದು. ಅವನಿಗದು ಗೊತ್ತಿಲ್ಲದ್ದಲ್ಲ. ಆದರೆ ನೆಲವನ್ನೇ ನೋಡುತ್ತಾ ಸುತ್ತುವಾಗ ಒಂದೊಂದು ಸುತ್ತಿಗೂ ಐವತ್ತು ನೂರು ಅಡಿ ಸೋರಿಹೋಗುವುದು ತಿಳಿಯುವುದೇ ಇಲ್ಲ. ಅವನ ಟ್ಯಾಬ್ಲೆಟ್ಟಿನಲ್ಲಿ ಉಳಿದ ಜಿಪಿಎಸ್ ದಾಖಲೆಯ ಪ್ರಕಾರ ಕೊನೆಯ ತಿರುವಿನಲ್ಲಿ ನಾವು ನೆಲದಿಂದ 300 ಅಡಿಗಿಂತಲೂ ತುಸು ಕೆಳಗಿದ್ದೆವು.

ತಿರುಗುತ್ತಿದ್ದುದು ಬಲಕ್ಕೆ, ನನ್ನ ಕಿಟಕಿಯಡಿಗೆ ತೋಟ ಬರಲಿ ಎಂದು. ಅವನು ಕೂತಿದ್ದು ಎಡಗಡೆ. ಹಾಗಾಗಿ ಆ ಗುಲಾಬಿ ತುಂಡನ್ನು ನೋಡಬೇಕೆಂದರೆ ಅವನು ನನ್ನ ಮಡಿಲಿನ ಮೇಲಿಂದ ಕತ್ತು ಚಾಚಬೇಕಿತ್ತು. ಚಾಚುತ್ತಿದ್ದ.

ಇನ್ನು ಆ ಸದ್ದು. ಸೆಸ್ನಾದ ಎಡರೆಕ್ಕೆಯ ಮುಂಭಾಗದಲ್ಲಿ ಒಂದು ಸಣ್ಣ ತೂತಿದೆ. ರೆಕ್ಕೆ ತನ್ನ ಎತ್ತುವ ಶಕ್ತಿ ಕಳೆದುಕೊಳ್ಳುವ ಹಂತಕ್ಕೆ ಬರುವ ಮುನ್ನ, ಐದರಿಂದ ಹತ್ತು ನಾಟ್ ಅಂತರವಿರುವಾಗಲೇ, ಆ ತೂತಿನೊಳಗಿನ ರೀಡ್ ಗಾಳಿಯ ಸೆಳೆತಕ್ಕೆ ಕೂಗತೊಡಗುತ್ತದೆ. ಕರೆಂಟಿಲ್ಲ, ಕಂಪ್ಯೂಟರಿಲ್ಲ. ಜಾತ್ರೆಯಲ್ಲಿ ಮಕ್ಕಳು ಊದುವ ಪೀಪಿಯಂಥ ಸದ್ದು. ಎರಡನೆಯ ಸುತ್ತಿನಲ್ಲಿ ಅದು ಒಮ್ಮೆ ‘ಪೀಂ’ ಎಂದು ಸುಮ್ಮನಾಯಿತು. ಏನದು ಎಂದು ಕೇಳಿದೆ. ‘ತಿರುಗುವಾಗ ಹಂಗೆ ಸ್ವಲ್ಪ ಕೂಗತ್ತೆ’ ಎಂದ. ಮುಂದಿನ ಸುತ್ತಿನಲ್ಲೂ ಕೂಗಿತು. ಆಮೇಲೆ ಅದು ನಮ್ಮಿಬ್ಬರ ಕಿವಿಗೂ ಬೀಳುವುದೇ ನಿಂತಿತು.

ಕೊನೆಯ ತಿರುವಿನಲ್ಲಿ ಗಾಳಿ ಬೆನ್ನಿಗಿತ್ತು. ಕೆಳಗಿನ ಮರದ ಸಾಲುಗಳು ಸರಸರನೆ ಓಡುತ್ತಿದ್ದವು, ಗುಲಾಬಿ ತುಂಡು ಕಿಟಕಿಯಿಂದ ಜಾರಿ ಹಿಂದಕ್ಕೆ ಹೋಗುತ್ತಿತ್ತು. ಅವನು ಇನ್ನಷ್ಟು ವಾಲಿಸಿ ಹಿಂದಕ್ಕೆ ಎಳೆದ. ನನ್ನ ಕೈಯಲ್ಲಿದ್ದ ಕ್ಯಾಮೆರಾ ಒಮ್ಮೆಲೇ ಭಾರವಾಯಿತು. ಕೆನ್ನೆ ಕೆಳಕ್ಕೆ ಜಗ್ಗಿದಂತಾಯಿತು. ಪೀಪಿ ಈಗ ಬಿಡುವಿಲ್ಲದೆ ಕೂಗುತ್ತಿತ್ತು. ಸೀಟಿನಡಿ ಸಣ್ಣ ನಡುಕ ಬಂತು. ಕಲ್ಲುರಸ್ತೆಗೆ ಇಳಿದೆವೇನೋ ಎಂದು ಒಂದು ಕ್ಷಣ ಅನ್ನಿಸಿತ್ತು, ಇಳಿಯಲು ರಸ್ತೆ ಎಲ್ಲಿತ್ತು? ಅಷ್ಟರಲ್ಲಿ ನನ್ನ ಬದಿಯ ರೆಕ್ಕೆ ಹೋಯಿತು. ನಿಧಾನಕ್ಕೆ ವಾಲಿದ್ದಲ್ಲ, ಕೆಳಗಿನಿಂದ ಯಾರೋ ಆಧಾರ ಕಿತ್ತಂತೆ. ಪಕ್ಕದ ಕಿಟಕಿಯಲ್ಲಿದ್ದ ತೋಟ ಎದುರಿನ ಗಾಜಿನ ತುಂಬ ಬಂದು ನಿಂತಿತು.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ, ಆಗ ಅರ್ಥವಾಗಿರಲಿಲ್ಲ. ಅವನು ಮೊದಲು ಹಿಡಿಕೆಯನ್ನು ಹೊಟ್ಟೆಯ ಕಡೆಗೆ ಎಳೆದ. ಯಾರಾದರೂ ಅದನ್ನೇ ಮಾಡುತ್ತಾರೆ, ನೆಲ ಎದುರಿಗೆ ಬಂದಾಗ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಮರುಕ್ಷಣ ‘ಅಯ್ಯೋ’ ಎಂದು ಕೂಗಿ, ಅದೇ ಹಿಡಿಕೆಯನ್ನು ಮುಂದಕ್ಕೆ, ಮರಗಳ ಕಡೆಗೆ, ನೂಕಿದ. ಎಡಗಾಲಲ್ಲಿ ಪೆಡಲನ್ನು ಒತ್ತಿದ. ನಮ್ಮನ್ನು ಬೇಕೆಂದೇ ಸಾಯಿಸುತ್ತಿದ್ದಾನೆ ಎಂದು ನನಗನ್ನಿಸಿತು. ಪೀಪಿ ಸದ್ದು ನಿಂತಿತು. ರೆಕ್ಕೆಗಳು ಮಟ್ಟಕ್ಕೆ ಬರತೊಡಗಿದವು. ಇನ್ನೊಂದು ಇನ್ನೂರು ಅಡಿ ಎತ್ತರ ಇದ್ದಿದ್ದರೆ ನಾವು ಬೆವರೊರೆಸಿಕೊಂಡು ಲಿವರ್‌ಮೋರ್‌ಗೆ ವಾಪಸಾಗುತ್ತಿದ್ದೆವು. ಅಷ್ಟು ಎತ್ತರ ಇರಲಿಲ್ಲ.

ಬಡಿತದ ಸದ್ದು ನೆನಪಿಲ್ಲ. ಬಿಳಿ ಹೂವಿನ ಕೊಂಬೆಗಳು ಗಾಜಿಗೆ ಬಂದದ್ದು ನೆನಪಿದೆ. ಆಮೇಲೆ ನೋಡಿದವರು ಹೇಳಿದ್ದು: ಎರಡು ಸಾಲು ಮರಗಳು ಎರಡೂ ರೆಕ್ಕೆಗಳನ್ನು ಒಂದೊಂದಾಗಿ ಕಿತ್ತುಕೊಂಡವು, ನಮ್ಮ ವೇಗದ ಬಹುಪಾಲನ್ನು ಅವೇ ನುಂಗಿದವು, ಉಳಿದ ಮೈ ಸಾಲಿನ ನಡುವೆ ಮಣ್ಣಿನಲ್ಲಿ ಜಾರಿಕೊಂಡು ಹೋಗಿ ಸಾಲಿನ ತುದಿಗೆ ನಿಂತಿತು. ಎದೆಯ ಮೇಲಿನ ಬೆಲ್ಟು ಇಲ್ಲದೆ ಬರೀ ಸೊಂಟದ ಬೆಲ್ಟಿದ್ದ ಹಳೆಯ ವಿಮಾನವಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮೊದಲು ಕೇಳಿದ್ದು ಗುಂಯ್ ಎನ್ನುವ ಸದ್ದು. ತಲೆಗೆ ಪೆಟ್ಟಾಗಿ ಕಿವಿ ಮೊರೆಯುತ್ತಿದೆ ಎಂದುಕೊಂಡೆ. ಒಂದು ಸದ್ದು ಉಪಕರಣ ಫಲಕದ ಒಳಗಿನಿಂದ ಬರುತ್ತಿತ್ತು: ಗೈರೋಗಳದ್ದು. ಎಂಜಿನ್ ನಿಂತರೂ ಅವು ನಿಮಿಷಗಟ್ಟಲೆ ತಿರುಗುತ್ತಾ ನಿಧಾನವಾಗಿ ಇಳಿಯುತ್ತವೆ. ಅದು ಇಳಿಯುತ್ತಿತ್ತು. ಇನ್ನೊಂದು ಏರುತ್ತಿತ್ತು. ವಾಸನೆ ಬಂತು. ಪೆಟ್ರೋಲಿನ ಘಾಟು ಸರಿಯೇ, ಅದರ ಜೊತೆಗೆ ಕಳಿತ ಬಾಳೆಹಣ್ಣಿನ ವಾಸನೆ. ತೋಟದ ಮನೆಯ ಮಗಳಿಗೆ ಆ ವಾಸನೆ ಏನೆಂದು ಹೇಳಿಕೊಡಬೇಕಿಲ್ಲ. ಸಿಟ್ಟಿಗೆದ್ದ ಜೇನು ಒಂದಕ್ಕೊಂದು ಕಳಿಸುವ ಸುದ್ದಿ ಅದು. ಸಾಲಿನ ತುದಿಯಲ್ಲಿಟ್ಟಿದ್ದ ಪೆಟ್ಟಿಗೆಗಳಿಗೆ ನಾವು ಗುದ್ದಿದ್ದೆವು.

ನನ್ನ ಕಿಟಕಿ ತೆರೆದೇ ಇತ್ತು.

ಅಪ್ಪನ ಮಾತು ಕಿವಿಯಲ್ಲಿ ಕೇಳಿಸಿತು ಎಂದರೆ ಕಥೆ ಕಟ್ಟಿದ ಹಾಗಾದೀತು. ಆದರೆ ಚಿಕ್ಕಂದಿನಲ್ಲಿ ನೂರು ಸಲ ಕೇಳಿದ ‘ಕೈ ಬೀಸಡ, ಓಡಡ’ ಮೈಗೆ ಹತ್ತಿಹೋಗಿತ್ತು. ಓಡುವ ಪ್ರಶ್ನೆಯಂತೂ ಇರಲಿಲ್ಲ. ಸ್ವೆಟರನ್ನು ತಲೆಯ ಮೇಲೆ ಎಳೆದುಕೊಳ್ಳಲು ಕೈಯೆತ್ತಿದೆ. ಸೊಂಟದಿಂದ ಮೇಲಕ್ಕೆ ಕಾದ ಕಬ್ಬಿಣ ಹಾಯ್ದಂಥ ನೋವು. ಕಾಲ್ಬೆರಳು ಆಡಿಸಿ ನೋಡಿದೆ. ಆಡಿದವು. ಎಷ್ಟೋ ಹೊತ್ತು ನಾನು ಮಾಡಿದ ಕೆಲಸ ಅದೊಂದೇ: ಮುಖ ಮುಚ್ಚಿಕೊಂಡು, ಬೆರಳು ಆಡಿಸುತ್ತಾ, ಕುತ್ತಿಗೆಗೆ ಬೀಳುತ್ತಿದ್ದ ಕೊಂಡಿಗಳನ್ನು ಸಹಿಸುವುದು. ಪಕ್ಕದಲ್ಲಿ ಗೆಳೆಯ ಹಿಡಿಕೆಯ ಮೇಲೆ ಒರಗಿದ್ದ. ಅವನ ಹುಬ್ಬಿನ ಮೇಲಿಂದ ರಕ್ತ ಹರಿಯುತ್ತಿತ್ತು, ರಕ್ತದ ಮೇಲೂ ನೊಣಗಳು ಕೂತಿದ್ದವು. ಹೆಸರು ಹಿಡಿದು ಕರೆದೆ. ಬಾಯಿ ತೆರೆದರೆ ನೊಣ ಒಳಗೆ ಬರುತ್ತಿತ್ತು.

ಸ್ಪ್ಯಾನಿಶ್ ಮಾತು ಕೇಳಿಸಿತು. ಜೇನು ನೋಡಿಕೊಳ್ಳಲು ಬಂದಿದ್ದ ಇಬ್ಬರು. ಒಬ್ಬ ಬಿಳಿ ಅಂಗಿ, ಮುಖಕ್ಕೆ ಬಲೆ ಹಾಕಿದ್ದ. ಕೈಯಲ್ಲಿ ಹೊಗೆಯಾಡುವ ಡಬ್ಬಿ ಇತ್ತು. ಎದ್ದ ಜೇನನ್ನು ತಣ್ಣಗಾಗಿಸಲು ಹೊಗೆ ಬೇಕು. ಇನ್ನೊಬ್ಬ ಹಿಂದಿನಿಂದ ‘ಗ್ಯಾಸೊಲಿನಾ! ಗ್ಯಾಸೊಲಿನಾ!’ ಎಂದು ಚೀರಿದ. ಕಿತ್ತ ರೆಕ್ಕೆಯ ಬುಡದಿಂದ ಪೆಟ್ರೋಲು ಸುರಿದು ನಮ್ಮ ಬಾಗಿಲಿನಡಿ ಮಣ್ಣು ಒದ್ದೆಯಾಗಿತ್ತು. ಡಬ್ಬಿ ಹಿಡಿದವನು ಒಂದು ಗಳಿಗೆ ನಿಂತ. ಆಮೇಲೆ ಹಿಂದಕ್ಕೆ ಓಡಿ, ದೂರದ ಕಾಲುವೆಯ ಬದಿಯಲ್ಲಿ ಡಬ್ಬಿಯನ್ನು ಕೆಸರಿಗೆ ಅದ್ದಿ ನಂದಿಸಿ, ವಾಪಸು ಬಂದ. ಬಂದವನು ತನ್ನ ಬಲೆಯ ಟೋಪಿಯನ್ನು ಕಳಚಿ ಕಿಟಕಿಯಿಂದ ನನ್ನ ತಲೆಗೆ ಹಾಕಿದ. ಅವನ ಬೋಳು ತಲೆಯ ಮೇಲೆ ನೊಣಗಳು ಇಳಿಯುವುದನ್ನು ನಾನು ಬಲೆಯ ಒಳಗಿನಿಂದ ನೋಡಿದೆ.

ಬೆನ್ನು ಮುರಿದಿದೆ, ಎಳೆಯಬೇಡಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನಿಗೆ ಅರ್ಥವಾಯಿತು. ಬೆನ್ನುಹುರಿಗೆ ಪೆಟ್ಟಾದವರನ್ನು ಅಲುಗಾಡಿಸಬಾರದು ಎಂಬುದು ಅವನಿಗೂ ಗೊತ್ತಿತ್ತೆಂದು ಕಾಣುತ್ತದೆ. ಅವನು ಒದ್ದೆ ಮಣ್ಣಿಗೆ ಬೊಟ್ಟು ಮಾಡಿ, ಎರಡು ಕೈಯಗಲಿಸಿ ‘ಬೂಂ’ ಎಂದ. ಅಲ್ಲಿಗೆ ಚರ್ಚೆ ಮುಗಿಯಿತು. ಟ್ರಕ್ಕಿನಿಂದ ಪ್ಲೈವುಡ್ ಹಲಗೆ ತಂದರು. ಬೆಲ್ಟನ್ನು ಚಾಕುವಿನಿಂದ ಕೊಯ್ದು, ಸೀಟಿನಿಂದ ಹಲಗೆಗೆ ಜಾರಿಸಿದರು. ಆ ಒಂದಡಿ ದೂರವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ನನ್ನನ್ನು ಮರದಡಿ ಇಟ್ಟು, ಗೆಳೆಯನಿಗಾಗಿ ಮತ್ತೆ ಹೋದರು. ಬೆಂಕಿ ಹತ್ತಲಿಲ್ಲ. ಹತ್ತುವುದಿಲ್ಲ ಎಂದು ಆಗ ಯಾರಿಗೆ ಗೊತ್ತಿತ್ತು?

ಆಸ್ಪತ್ರೆಗೆ ಒಯ್ದದ್ದು ಹೆಲಿಕಾಪ್ಟರಿನಲ್ಲಿ. ಬೇಡ, ರಸ್ತೆಯಲ್ಲೇ ಹೋಗೋಣ ಎಂದು ಹಟ ಹಿಡಿದೆನಂತೆ. ಸೊಂಟದ ಮೇಲಿನ ಮೊದಲ ಲಂಬಾರ್ ಮೂಳೆ ಒಡೆದಿತ್ತು; ಲೋಹದ ಸರಳುಗಳನ್ನು ಕೂಡಿಸಿ ಸ್ಕ್ರೂ ಬಿಗಿದರು. ನರ್ಸ್ ನನ್ನ ಮೈಯಿಂದ ಕೊಂಡಿಗಳನ್ನು ಕಾರ್ಡಿನ ಅಂಚಿನಲ್ಲಿ ಕೆರೆದು ತೆಗೆಯುತ್ತಾ ಎಣಿಸುತ್ತಿದ್ದಳು, ಎಪ್ಪತ್ತು ದಾಟಿದ ಮೇಲೆ ಬಿಟ್ಟಳು. ಗೆಳೆಯನಿಗೆ ಎರಡೂ ಕಾಲಿನ ಹಿಮ್ಮಡಿಗಂಟು ಪುಡಿ, ತಲೆಗೆ ಪೆಟ್ಟು. ಇಬ್ಬರೂ ಬದುಕಿದೆವು. ಆ ತಿಂಗಳುಗಳ ಬಗ್ಗೆ ಹೆಚ್ಚು ಹೇಳಲಾರೆ. ಬೆನ್ನಿನ ಆಪರೇಷನ್ ಆದವರಿಗೆ ಹೇಳಬೇಕಿಲ್ಲ, ಆಗದವರಿಗೆ ಹೇಳಿ ಪ್ರಯೋಜನವಿಲ್ಲ.

ಊರಿನಿಂದ ಅಮ್ಮನ ಫೋನು. ಅವಳಿಗೆ ಸಣ್ಣ ವಿಮಾನ ಎಂದರೆ ನಟಿ ಸೌಂದರ್ಯ. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಕರೀಂನಗರದ ಚುನಾವಣಾ ಪ್ರಚಾರಕ್ಕೆ ಹೊರಟ ಸೆಸ್ನಾ 180 ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿದ್ದು ಉರಿಯಿತು. ಅವರು, ಅವರ ಅಣ್ಣ, ಜೊತೆಗಿದ್ದವರು ಯಾರೂ ಉಳಿಯಲಿಲ್ಲ. ‘ದ್ವೀಪ’ದ ಆ ಹುಡುಗಿಗೆ ಹಾಗಾಯಿತಲ್ಲ ಎಂದು ಅಮ್ಮ ಆಗ ಊಟ ಬಿಟ್ಟಿದ್ದಳು. ಅಪ್ಪನ ನೆನಪು ಇನ್ನೂ ಹಳೆಯದು. 1980ರ ಜೂನ್ 23ರ ರೇಡಿಯೊ ವಾರ್ತೆ: ದೆಹಲಿಯ ಮೇಲೆ ಪಿಟ್ಸ್ ಎಸ್-2ಎ ಎಂಬ ಪುಟ್ಟ ವಿಮಾನದಲ್ಲಿ ಪಲ್ಟಿ ಹೊಡೆಯುತ್ತಿದ್ದ ಸಂಜಯ್ ಗಾಂಧಿ, ಜೊತೆಗಿದ್ದ ಕ್ಯಾಪ್ಟನ್ ಸುಭಾಷ್ ಸಕ್ಸೇನಾ ಇಬ್ಬರ ಸಾವು. ‘ಅವನಾದರೂ ಆಟ ಆಡಲು ಹೋಗಿದ್ದ. ನೀವು ಏನು ಮಾಡುತ್ತಿದ್ದಿರಿ?’ ಎಂದು ಅಪ್ಪ ಕೇಳಿದರು. ನಾನು ‘ಹೂ ನೋಡ್ತಿದ್ವಿ’ ಎಂದೆ. ಫೋನಿನಲ್ಲಿ ಎಷ್ಟೋ ಹೊತ್ತು ಮಾತಿರಲಿಲ್ಲ.

ಎಂಜಿನ್ನಿನ ಪ್ರಶ್ನೆ ನಿಜವಾಗಿ ಕಷ್ಟ ಕೊಟ್ಟದ್ದು ಇದಾದ ಮೇಲೆ. ಸ್ಥಳಕ್ಕೆ ಹೋಗಿದ್ದು ವಿಮಾನಯಾನ ಇಲಾಖೆಯಾದ ಎಫ್‌ಎಎ ಇನ್‌ಸ್ಪೆಕ್ಟರ್. ತನಿಖೆ ನಡೆಸುವ ಎನ್‌ಟಿಎಸ್‌ಬಿ ಅಧಿಕಾರಿ ಫೋನಿನಲ್ಲಿ ಮಾತಾಡಿದರು. ದನಿಯಲ್ಲಿ ಯಾವ ಅವಸರವೂ ಇರಲಿಲ್ಲ. ಎತ್ತರ ಎಷ್ಟಿತ್ತು, ಎಷ್ಟು ವಾಲಿದ್ದಿರಿ ಎಂದೆಲ್ಲ ಕೇಳಿ, ಕೊನೆಗೆ: ‘ಬೀಳುವ ಮೊದಲು ಎಂಜಿನ್ನಿನ ಸದ್ದಿನಲ್ಲಿ ಏನಾದರೂ ಬದಲಾವಣೆ ಕೇಳಿಸಿತೇ?’ ಅಷ್ಟರಲ್ಲಿ ನನಗೊಂದು ವಿಷಯ ಗೊತ್ತಾಗಿತ್ತು. ಎಂಜಿನ್ ಸ್ವಲ್ಪ ಸೊರಗಿದ ಹಾಗಾಯಿತು ಎಂದು ಗೆಳೆಯ ಆಸ್ಪತ್ರೆಯ ಹಾಸಿಗೆಯಿಂದಲೇ ಹೆಂಡತಿಗೆ ಹೇಳಿದ್ದ. ಅವಳು ಅದನ್ನು ನಮ್ಮ ಬಳಗಕ್ಕೆಲ್ಲ ಹೇಳಿದ್ದಳು. ಸುಳ್ಳು ಹೇಳಿದ ಎಂದು ನಾನು ಅಂದುಕೊಂಡಿಲ್ಲ, ಈಗಲೂ ಇಲ್ಲ. ತಲೆಗೆ ಪೆಟ್ಟು ಬಿದ್ದವನ ಮನಸ್ಸು ನೆನಪಿನ ತೂತಿಗೆ ಕೈಗೆ ಸಿಕ್ಕ ತೇಪೆ ಹಚ್ಚುತ್ತದೆ. ಎಂಜಿನ್ ಕೈಕೊಟ್ಟಿತು ಎಂಬುದು ಎಲ್ಲರೂ ಒಪ್ಪುವ ತೇಪೆ. ಆದರೆ ನನ್ನ ಕಿವಿ ಕೇಳಿದ್ದೇ ಬೇರೆ. ‘ಇಲ್ಲ, ಸದ್ದು ಒಂದೇ ಸಮ ಇತ್ತು’ ಎಂದೆ.

ನನ್ನ ಮಾತನ್ನೇ ನಂಬಬೇಕಾದ ಗರಜು ಅವರಿಗಿರಲಿಲ್ಲ. ಎಂಜಿನ್ನಿಗೆ ಶಕ್ತಿ ಇಲ್ಲದೆ ಬಿದ್ದ ವಿಮಾನದ ಪ್ರೊಪೆಲರ್ ಸುಮ್ಮನೆ ಹಿಂದಕ್ಕೆ ಬಾಗಿರುತ್ತದಂತೆ. ನಮ್ಮದರ ಅಲಗುಗಳು ತಿರುಚಿಕೊಂಡು, ಅಡ್ಡಡ್ಡ ಗೀರು ಬಿದ್ದಿದ್ದವು. ಮರದ ಕೊಂಬೆಗಳು ಮುರಿದಿರಲಿಲ್ಲ, ಓರೆಯಾಗಿ ನುಣ್ಣಗೆ ಕೊಯ್ದಂತಿದ್ದವು. ಜೊತೆಗೆ ನನ್ನ ಕ್ಯಾಮೆರಾದ ಕಾರ್ಡು ಕೆಟ್ಟಿರಲಿಲ್ಲ. ಒಂದೊಂದು ಚಿತ್ರದಲ್ಲೂ ಸೆಕೆಂಡಿನ ಲೆಕ್ಕದ ಸಮಯವಿತ್ತು. ಅದನ್ನೂ ಜಿಪಿಎಸ್ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕೊನೆಯ ಚಿತ್ರದಲ್ಲಿ ಸಾಲು ಪೆಟ್ಟಿಗೆಗಳು, ಪಕ್ಕದಲ್ಲಿ ಬಿಳಿ ಅಂಗಿಯವನೊಬ್ಬ ತಲೆಯೆತ್ತಿ ನೋಡುತ್ತಿರುವುದು, ಎಲ್ಲ ಕಾಣುತ್ತದೆ. ಅವನ ಟೋಪಿಯ ಬಲೆಯ ಕಪ್ಪು ಕೂಡ.

ಹಾಸಿಗೆಯಲ್ಲಿ ಮಲಗಿದ್ದವಳಿಗೆ ಓದುವುದಕ್ಕೆ ಹೊತ್ತು ಬೇಕಾದಷ್ಟಿತ್ತು. ನನಗೆ ಅರ್ಥವಾದದ್ದು ಹೀಗೆ. ವಿಮಾನ ಬೀಳದಂತೆ ಹಿಡಿಯುವುದು ರೆಕ್ಕೆ. ಎಂಜಿನ್ ಅದನ್ನು ಮುಂದಕ್ಕೆ ಎಳೆಯುತ್ತದೆ ಅಷ್ಟೇ. ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಒಂದು ಮಿತಿ ದಾಟಿದರೆ ಮೇಲಿನ ಗಾಳಿ ಅದಕ್ಕೆ ಅಂಟಿಕೊಂಡು ಹರಿಯುವುದಿಲ್ಲ, ಕಿತ್ತುಹೋಗುತ್ತದೆ. ರೆಕ್ಕೆ ಸ್ಟಾಲ್ ಆಗುವುದು ಎಂದರೆ ಇದು. ನೆಟ್ಟಗೆ ಹಾರುವಾಗ ಸೆಸ್ನಾ 172 ಸುಮಾರು 48 ನಾಟ್ ವೇಗಕ್ಕೆ ಇಳಿದಾಗ ಸ್ಟಾಲ್ ಆಗುತ್ತದೆ. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿ ತಿರುಗಿದರೆ ಅದೇ ರೆಕ್ಕೆ 57 ನಾಟ್‌ನಲ್ಲಿ, 60 ಡಿಗ್ರಿ ವಾಲಿದರೆ 68 ನಾಟ್‌ನಲ್ಲಿ ಕೈಚೆಲ್ಲುತ್ತದೆ, ಏಕೆಂದರೆ 60 ಡಿಗ್ರಿಯಲ್ಲಿ ವಿಮಾನದ, ಅದರೊಳಗಿನ ನನ್ನ, ನನ್ನ ಕೈಯ ಕ್ಯಾಮೆರಾದ ಭಾರ ಎರಡರಷ್ಟಾಗಿರುತ್ತದೆ. ನಾವು 70 ನಾಟ್ ಆಸುಪಾಸಿನಲ್ಲಿದ್ದೆವು.

ಗಾಳಿ ಬೆನ್ನಿಗಿದ್ದಾಗ ನೆಲ ವೇಗವಾಗಿ ಓಡುವುದು ಕಾಣುತ್ತದೆ. ರೆಕ್ಕೆಗೆ ನೆಲದ ಲೆಕ್ಕವಿಲ್ಲ, ಗಾಳಿಯ ಲೆಕ್ಕವಷ್ಟೇ. ಆದರೆ ಕೆಳಗೆ ಹಾರುವವನ ಕಣ್ಣು ನೆಲದ ಮೇಲಿರುತ್ತದೆ, ವೇಗ ಸಾಕಷ್ಟಿದೆ ಎಂದು ಅದು ಸಾಕ್ಷಿ ಹೇಳುತ್ತದೆ. ಮೂರು ಸಾವಿರ ಅಡಿಯಲ್ಲಿ ಈ ಭ್ರಮೆ ಇರುವುದಿಲ್ಲ. ಇನ್ನು, ನೋಡಬೇಕಾದ ಜಾಗ ಜಾರಿಹೋಗುತ್ತಿದೆ ಎನ್ನಿಸಿದಾಗ ಒಳಬದಿಯ ಕಾಲು ತಾನಾಗಿ ಪೆಡಲನ್ನು ಒತ್ತುತ್ತದೆ. ಮೂಗು ಒಳಕ್ಕೆ ತಿರುಗುತ್ತದೆ, ಒಳಬದಿಯ ರೆಕ್ಕೆ ಮೊದಲು ಸ್ಟಾಲ್ ಆಗುತ್ತದೆ. ಅದನ್ನು ಹಾಗೇ ಬಿಟ್ಟರೆ ಗಿರಕಿ. ಒಂದು ಸುತ್ತು ಗಿರಕಿ ಹೊಡೆದು ಸರಿಮಾಡಿಕೊಳ್ಳಲು ಸುಮಾರು 1,000 ಅಡಿ ಬೇಕು ಎಂದು ಸೆಸ್ನಾದ ಕೈಪಿಡಿಯೇ ಹೇಳುತ್ತದೆ. ನಮ್ಮ ಬಳಿ ಅದರ ಮೂರನೆಯ ಒಂದು ಪಾಲೂ ಇರಲಿಲ್ಲ. ಗೆಳೆಯ ಹಿಡಿಕೆಯನ್ನು ಮುಂದಕ್ಕೆ ನೂಕಿದ್ದು ಗಾಳಿಗೆ ಎದುರಾದ ಕೋನವನ್ನು ಇಳಿಸಲು. ನಮ್ಮ ಜೀವ ಉಳಿಸಿದ್ದು ಅದೇ. ಹೂ ತುಂಬಿದ ಮರಗಳ ಕಡೆಗೆ ತಾನಾಗಿ ಮೂಗು ತಿರುಗಿಸಲು ಎಷ್ಟು ಗಟ್ಟಿ ಎದೆ ಬೇಕು ಎಂದು ಈಗ ಯೋಚಿಸಿದರೆ ಅವನ ಮೇಲಿನ ಸಿಟ್ಟೆಲ್ಲ ಒಂದು ಕಡೆ ಕೂರುತ್ತದೆ.

ಅಲಾಸ್ಕಾದಲ್ಲಿ ಇಂಥ ತಿರುವಿಗೆ ‘ಮೂಸ್ ಟರ್ನ್’ ಎನ್ನುತ್ತಾರೆ. ಮೂಸ್ ಎಂಬ ದೊಡ್ಡ ಜಿಂಕೆಯನ್ನು ನೋಡಲು ಸುತ್ತು ಹಾಕುತ್ತಾ ಬೀಳುವವರು ಅಲ್ಲಿ ಅಷ್ಟು ಜನ. ಬೇರೆ ಕಡೆ ಅದು ಗೆಳೆಯನ ಮನೆಯಾಗಿರುತ್ತದೆ, ಕೈಬೀಸುವ ಮಕ್ಕಳಾಗಿರುತ್ತಾರೆ. ನನಗೆ ಸಿಟ್ಟು ಬರುವುದು ಕಲಿಸುವ ರೀತಿಯ ಮೇಲೆ. ಸ್ಟಾಲ್ ಅಭ್ಯಾಸ ಮಾಡಿಸುವುದು ಮೂರು ಸಾವಿರ ಅಡಿಯಲ್ಲಿ, ಮೊದಲೇ ಹೇಳಿ, ಮೂಗನ್ನು ನಿಧಾನಕ್ಕೆ ಎತ್ತಿಸಿ. ಕಲಿಯುವವನ ಗಮನವೆಲ್ಲ ಅದರ ಮೇಲೆಯೇ ಇರುತ್ತದೆ. ನಿಜದಲ್ಲಿ ಅದು ಬರುವುದು ಗಮನ ಬೇರೆಲ್ಲೋ ಇರುವಾಗ, ಮೂಗು ನೆಟ್ಟಗಿರುವಾಗ, ಪಕ್ಕದವಳ ಜೊತೆ ಪೀಚೋ ಬಾದಾಮಿಯೋ ಎಂದು ವಾದಿಸುವಾಗ.

ಫಿಸಿಯೋಥೆರಪಿಗೆ ಬರುತ್ತಿದ್ದ ಮುದುಕರೊಬ್ಬರು ಒಂದು ಕಾಲದಲ್ಲಿ ಹೊಲಗಳ ಮೇಲೆ ಔಷಧಿ ಸಿಂಪಡಿಸುವ ವಿಮಾನ ಹಾರಿಸುತ್ತಿದ್ದವರು. ನೆಲದಿಂದ ಹತ್ತು ಅಡಿ ಎತ್ತರದಲ್ಲಿ ದಿನವಿಡೀ ಓಡಾಡಿದವರು. ಭಯ ಆಗುತ್ತಿರಲಿಲ್ಲವೇ ಎಂದೆ. ವಿದ್ಯುತ್ ತಂತಿಯ ಭಯ ಮಾತ್ರ, ಎಂದರು. ತಂತಿ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಕಂಬ ಹುಡುಕಬೇಕು. ಹೊಸ ಹೊಲಕ್ಕೆ ಇಳಿಯುವ ಮೊದಲು ಮೇಲಿನಿಂದ ಒಂದು ಸುತ್ತು ಬಂದು ಕಂಬಗಳನ್ನೆಲ್ಲ ನೋಡಿಟ್ಟುಕೊಳ್ಳುತ್ತಿದ್ದರಂತೆ. ತಿರುಗುವ ಬಗ್ಗೆ ಕೇಳಿದೆ. ಹೊಲದ ತುದಿಗೆ ಬಂದಾಗ ಮೊದಲು ಮೇಲಕ್ಕೇರಿ, ಆಮೇಲೆ ತಿರುಗಿ, ಮತ್ತೆ ಇಳಿಯುವುದು. ‘ತಿರುಗುವಾಗ ಹೊಲದ ಕಡೆ ನೋಡ್ತಿರಲಿಲ್ವಾ?’ ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ‘ನೋಡೋಕೆ ಅಲ್ಲೇನಿರತ್ತೆ? ಹತ್ತಿ.’

ಯುಗಾದಿಯ ಕಾರ್ಯಕ್ರಮಕ್ಕೆ ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಹೋದೆ. ಕನ್ನಡ ಕೂಟದ ಹೋಳಿಗೆ ಸಾಲಿನಲ್ಲಿ ಎಲ್ಲರಿಗೂ ಎಂಜಿನ್ ಕಥೆಯೇ ಗೊತ್ತಿತ್ತು. ಇಲ್ಲ ಎಂದು ನಾನು ಹೇಳಿದಾಗ ಗೆಳೆಯನ ಹೆಂಡತಿ ತಟ್ಟೆ ಹಿಡಿದು ಬೇರೆ ಸಾಲಿಗೆ ಹೋದಳು. ಬಾಡಿಗೆ ಕೊಟ್ಟವರ ವಿಮೆ, ಆಸ್ಪತ್ರೆಯ ಬಿಲ್ಲು, ಒಡೆದ ಪೆಟ್ಟಿಗೆಗಳ ಪರಿಹಾರ, ಕಡಿದುಹೋದ ಮರಗಳ ಪರಿಹಾರ, ಎಲ್ಲವೂ ನಡುವೆ ಇದ್ದವು. ನಾನು ಹೇಳುವ ಒಂದು ವಾಕ್ಯದಿಂದ ಯಾರ ತಲೆಯ ಮೇಲೆ ಏನು ಬೀಳುತ್ತದೋ ಎಂಬ ಭಯ ಅವಳಿಗಿದ್ದರೆ ತಪ್ಪೇನಿಲ್ಲ. ಆದರೆ ಎಂಜಿನ್ ಕೈಕೊಟ್ಟಿತು ಎಂದು ಒಪ್ಪಿಕೊಂಡರೆ, ನನ್ನ ಬಳಗದ ಇನ್ನೂ ಮೂವರು ಲೈಸೆನ್ಸ್ ಇಟ್ಟುಕೊಂಡವರು ಒಳ್ಳೆಯ ಎಂಜಿನ್ ಇರುವ ವಿಮಾನ ಹುಡುಕಿಕೊಂಡು ಹೋಗಿ ಅದೇ ಹೂ ನೋಡುತ್ತಾರೆ.

ವರದಿ ಬರಲು ಒಂದು ವರ್ಷದ ಮೇಲಾಯಿತು. ಕೆಲವೇ ಪುಟ. ಅದರಲ್ಲಿ ಯಾರ ಹೆಸರೂ ಇಲ್ಲ, ‘ಪೈಲಟ್’, ‘ಪ್ರಯಾಣಿಕರು’. ಕಡಿಮೆ ಎತ್ತರದಲ್ಲಿ ತಿರುಗುವಾಗ ರೆಕ್ಕೆ ಕೋನದ ಮಿತಿ ದಾಟಿತು, ಸರಿಪಡಿಸಿಕೊಳ್ಳಲು ಎತ್ತರ ಸಾಲಲಿಲ್ಲ, ಎಂಜಿನ್ನಿನಲ್ಲಿ ದೋಷ ಕಂಡುಬಂದಿಲ್ಲ ಎಂಬುದು ಸಾರಾಂಶ. ಜೇನಿನ ಪ್ರಸ್ತಾಪವೇ ಇಲ್ಲ. ಟೋಪಿ ಕೊಟ್ಟವನ ಪ್ರಸ್ತಾಪ ‘ಪ್ರತ್ಯಕ್ಷದರ್ಶಿ’ ಎಂದು ಒಂದು ಸಾಲಿನಲ್ಲಿದೆ. ಅವನನ್ನು ಹುಡುಕಿಸಿದೆ. ಹೂ ಮುಗಿದ ಮೇಲೆ ಪೆಟ್ಟಿಗೆಗಳ ಜೊತೆ ವಾಷಿಂಗ್ಟನ್ ರಾಜ್ಯದ ಸೇಬಿನ ತೋಟಗಳಿಗೆ ಹೋದನಂತೆ, ಅಲ್ಲಿಂದ ಇನ್ನೆಲ್ಲಿಗೋ.

ಗೆಳೆಯ ವರದಿ ಓದಿ ಫೋನ್ ಮಾಡಿದ. ಅದುವರೆಗೆ ನಾವು ಆರೋಗ್ಯ ವಿಚಾರಿಸಿದ್ದು ಬಿಟ್ಟರೆ ಸರಿಯಾಗಿ ಮಾತಾಡಿರಲಿಲ್ಲ. ‘ಅದರಲ್ಲಿ ಬರೆದಿರೋದು ಸರಿ ಇದೆ’ ಎಂದ. ಹೆಂಡತಿಗೂ ಹೇಳಿದ್ದೇನೆ ಎಂದ. ಪೀಪಿ ಸದ್ದು ತನಗೆ ಕೊನೆಯಲ್ಲಿ ಕೇಳಿಸಲೇ ಇಲ್ಲ, ನಿನಗೆ ಕೇಳಿಸಿತ್ತಾ ಎಂದು ಕೇಳಿದ. ಕೇಳಿಸಿತ್ತು, ಎರಡನೇ ಸುತ್ತಿನಿಂದಲೂ ಕೇಳುತ್ತಿತ್ತು, ಅದು ಕೂಗುವುದೇ ಹಾಗೆ ಎಂದು ನೀನೇ ಹೇಳಿದ್ದೆ, ಎಂದೆ. ‘ಹೇಳಿದ್ನಾ?’ ಎಂದ. ಹೇಳಿದ್ದು ಅವನಿಗೆ ನಿಜಕ್ಕೂ ನೆನಪಿರಲಿಲ್ಲ.